ಹಿಂದಿನ ಗೇಟಿನ ಭಾವ

ನನ್ನ ಅಕ್ಕನ ಗಂಡ ಹೆಣದ ವ್ಯಾನ್ ಓಡಿಸುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾತಿನ ನಡುವೆ ಹೇಳಿದರೆ ಕೇಳುವವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತಾರೆ; ನೋಡಿ ನೋಡಿ ನನಗೆ ರೋಸಿಹೋಗಿದೆ. ಊರಿನ ದೊಡ್ಡ ಆಸ್ಪತ್ರೆಯ ಹಿಂದಿನ ಗೇಟಿನಿಂದ ಸ್ಮಶಾನಕ್ಕೋ ಸತ್ತವರ ಮನೆಗೋ ಹೋಗುವುದು, ವ್ಯಾನ್ ತೊಳೆಯುವುದು, ಮತ್ತೆ ಅದೇ ಗೇಟಿಗೆ ಬರುವುದು, ಇಷ್ಟೇ ಭಾವನ ಕೆಲಸ. ಕೆಲಸದ ಹೊತ್ತಿನಲ್ಲಿ ಅವರ ಮುಖ ಗಂಟಿಕ್ಕಿಕೊಂಡೇ ಇರುತ್ತದೆ. ನಮ್ಮ ನೆಂಟರಿಗಿಂತ ಈ ಡ್ರೈವರೇ ಹೆಚ್ಚು ಸಂಕಟಪಟ್ಟ ಎಂದು ಜನ ಹೊಗಳಿದ್ದೂ ಉಂಟು. ನಿಜ ಏನೆಂದರೆ, ಅವರು ನಗು ತಡೆದುಕೊಂಡಿರುತ್ತಾರೆ.

ಅವರನ್ನು ನಗಿಸುವುದು ಸತ್ತವರಲ್ಲ, ಯಂತ್ರಗಳು. ಸ್ಮಶಾನದ ಬಾಗಿಲಲ್ಲಿ ಗಾಡಿ ನಿಲ್ಲಿಸಿದ ಕೂಡಲೇ, ದಾರಿ ತೋರಿಸುವ ಮೊಬೈಲು ಸತ್ತವರ ಮಕ್ಕಳೆದುರಿಗೇ ‘ನೀವು ತಲುಪಬೇಕಾದ ಜಾಗ ತಲುಪಿದ್ದೀರಿ’ ಎನ್ನುತ್ತದೆ. ಸಂಜೆ ಅದೇ ಮೊಬೈಲು ಆ ಜಾಗ ಹೇಗಿತ್ತು, ಗೆಳೆಯರಿಗೂ ಶಿಫಾರಸು ಮಾಡುತ್ತೀರಾ ಎಂದು ಕೇಳುತ್ತದೆ. ಒಮ್ಮೆ ಒಬ್ಬ ಸಿರಿವಂತ ಮುದುಕನ ಹೆಣ ಇಳಿಸುವಾಗ, ಕೈಯಿಂದ ಬಿಚ್ಚಲು ಮರೆತಿದ್ದ, ಹೆಜ್ಜೆ ಎಣಿಸುವ ಗಡಿಯಾರ ಬೆಳಗಿ, ತುಂಬಾ ಹೊತ್ತಿನಿಂದ ಅಲುಗಾಡಿಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿ ಎಂದಿತಂತೆ. ಸ್ಟ್ರೆಚರಿನ ತಲೆಭಾಗ ಹಿಡಿದಿದ್ದ ಅಳಿಯ, ಆಸ್ತಿ ಕೈತಪ್ಪಿತು ಎನ್ನುವಂತೆ ಮುಖ ಮಾಡಿದ ಎಂದು ಭಾವ ವರ್ಣಿಸುತ್ತಿದ್ದರು.

ಇವೆಲ್ಲ ಅಕ್ಕನಿಗಾಗಿ ಜೋಪಾನ ಮಾಡಿ ತಂದ ಸರಕು. ಮನೆಗೆ ಬಂದು ಸ್ನಾನ ಮಾಡಿ ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತರೆಂದರೆ ಶುರು. ಅಕ್ಕ ಈರುಳ್ಳಿ ಹೆಚ್ಚುತ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣೀರು ಈರುಳ್ಳಿಯದೋ ನಗುವಿನದೋ ಅವಳಿಗೇ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯಲ್ಲಿದ್ದ ನನಗೆ ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಾವಿನ ವಿಷಯಕ್ಕೆ ಹಲ್ಲು ಕಿರಿಯುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ ಎಂದು ಎಷ್ಟೋ ಸಲ ಬೈದಿದ್ದೇನೆ. ಬೈದು ವಾಪಸು ಬಂದು ನಾನೂ ನಕ್ಕಿದ್ದೇನೆ, ಅದು ಬೇರೆ ಮಾತು.

ಹೀಗಿರುವಾಗ ಅಕ್ಕನ ಗರ್ಭಕೋಶದಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಬೇಗ ತೆಗೆಸಿದರೆ ಭಯವಿಲ್ಲ, ತಡಮಾಡಿದರೆ ಏನೂ ಹೇಳಲಾಗದು ಎಂದರು ಡಾಕ್ಟರು. ಆಪರೇಷನ್ ಆಗಬೇಕಾದದ್ದು ಅದೇ ದೊಡ್ಡ ಆಸ್ಪತ್ರೆಯಲ್ಲಿ. ಅಕ್ಕ ಸುತರಾಂ ಒಪ್ಪಲಿಲ್ಲ. ನಾವು ಬುದ್ಧಿ ಹೇಳಿದೆವು, ಗದರಿದೆವು, ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವಳು ಭಾವನಿಗೆ ನೇರವಾಗಿ ಹೇಳಿದಳು.

“ಇಷ್ಟು ವರ್ಷ ಅಲ್ಲಿಂದ ಜನರನ್ನ ಕರ್ಕೊಂಡು ಬರ್ತಿದ್ದೀರಲ್ಲ, ಒಬ್ಬರಾದ್ರೂ ಎದ್ದು ಮನೆಗೆ ನಡ್ಕೊಂಡು ಹೋಗಿದ್ದಾರೇನ್ರೀ?”

ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಆ ಆಸ್ಪತ್ರೆಯ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ಅವರು ಹೊತ್ತು ತಂದ ಕತೆಗಳಿಂದ, ಆ ಕತೆಗಳೆಲ್ಲ ಹಿಂದಿನ ಗೇಟಿನವು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಭಾವನ ಮುಖಕ್ಕೇ ಅಂದುಬಿಟ್ಟೆ. ಅಂದಿನಿಂದ ಆ ಅಡುಗೆಮನೆಯಲ್ಲಿ ಒಂದು ತಮಾಷೆಯೂ ಹುಟ್ಟಲಿಲ್ಲ. ಗೋಡೆಯಾಚೆ ಬರೀ ಪಾತ್ರೆ ಸದ್ದು. ಅಕ್ಕನಿಗೆ ರಕ್ತ ಹೋಗುವುದು ಜಾಸ್ತಿಯಾಯಿತು, ಮೆಟ್ಟಿಲ ಮೇಲೆ ಕೂತು ಕೂತು ಹತ್ತುವಂತಾಯಿತು. ಆಮೇಲೆ ಒಪ್ಪಿದಳು. ಒಪ್ಪಿದಳು ಎಂದರೆ ಹೂಂ ಅನ್ನಲಿಲ್ಲ. ಚೀಲಕ್ಕೆ ಎರಡು ನೈಟಿ ಹಾಕಿಕೊಂಡಳು, ಅಷ್ಟೇ.

ಅಡ್ಮಿಟ್ ಆಗುವ ದಿನ ಬೆಳಿಗ್ಗೆ ಭಾವ ತಮ್ಮ ಹಳೇ ಕಾರು ತೆಗೆದರು. ಅಕ್ಕ ಮುಂದೆ ಕೂತಳು, ನಾನು ಹಿಂದೆ. ಕಾರು ಹೊರಟಿದ್ದೇ ತಡ, ಮೊಬೈಲು ತಾನಾಗಿಯೇ ಕಣ್ಣುಬಿಟ್ಟು, ನಿಮ್ಮ ಕಚೇರಿಗೆ ಹೋಗುವ ದಾರಿ ಇವತ್ತು ಸುಗಮವಾಗಿದೆ ಎಂದಿತು. ದಿನಾ ಬೆಳಿಗ್ಗೆ ಅವರು ಹೋಗಿ ನಿಲ್ಲುವ ಜಾಗವನ್ನು ಅದು ಕಚೇರಿ ಎಂದು ತಿಳಿದುಕೊಂಡಿತ್ತು. ಭಾವ ಅದನ್ನು ತಟ್ಟನೆ ಆರಿಸಿದರು. ಬಾಯಿ ಮುಚ್ಚಿಸಿದ್ದು ಮೊಬೈಲಿನದು ಮಾತ್ರ. ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಿದ್ದದ್ದೂ ಅದೇ ದಾರಿ. ಮೂವರೂ ತಲೆ ತುಂಬ ಚಿಂತೆ ಹೊತ್ತವರು, ಯಾರೂ ಕಿಟಕಿಯಾಚೆ ನೋಡುತ್ತಿರಲಿಲ್ಲ. ಕಾರು ನಿಂತಾಗ ನೋಡಿದರೆ ಎದುರಿಗೆ ಶವಾಗಾರದ ಹಸಿರು ಬಾಗಿಲು.

ಗೇಟು ಕಾಯುವವನು ಅಭ್ಯಾಸದಂತೆ ಗೇಟನ್ನು ಪೂರ್ತಿ ತೆರೆದು, ಸಲಾಮು ಹೊಡೆದು, ಕಿಟಕಿಗೆ ಬಗ್ಗಿದ.

“ಏನಣ್ಣಾ, ಇವತ್ತು ಕಾರಲ್ಲಿ? ಯಾರ ಬಾಡಿ?”

ಇನ್ನು ಇವಳನ್ನು ಹಗ್ಗ ಹಾಕಿ ಎಳೆದರೂ ಒಳಗೆ ಕರೆದೊಯ್ಯಲಾಗದು ಎಂದುಕೊಂಡೆ. ಅಕ್ಕ ಹಸಿರು ಬಾಗಿಲನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು, ತನ್ನ ಕಡೆಯ ಗಾಜು ಇಳಿಸಿದಳು.

“ನಂದೇ ಕಣಪ್ಪಾ. ಇನ್ನೂ ರೆಡಿ ಆಗಿಲ್ಲ. ಮುಂದಿನ ಬಾಗಿಲು ಯಾವ ಕಡೆ ಹೇಳು.”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಡೆಯಲಾಗಲಿಲ್ಲ. ನೋವಿನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು ನಕ್ಕಳು. ಎಷ್ಟೋ ವಾರಗಳ ಮೇಲೆ ಆ ನಗು ಕೇಳಿ ಭಾವ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತರು. ಪಾಪ, ಕಾವಲುಗಾರ ಯಾರಿಗೆ ಸಮಾಧಾನ ಹೇಳಬೇಕೆಂದು ತಿಳಿಯದೆ ಟೋಪಿ ತೆಗೆದು ನಿಂತ. ಮುಂದಿನ ಬಾಗಿಲಿಂದ ಅಕ್ಕ ನಡೆದುಕೊಂಡೇ ಒಳಗೆ ಹೋದಳು.

ಮರುದಿನ ಆಪರೇಷನ್. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಭಾವ ರಜೆ ಬೇಕೆಂದು ವ್ಯಾನಿನ ಮಾಲೀಕನಿಗೆ ಹೇಳಿದ್ದರು. ಆದರೆ ಅವನು ಮೊಬೈಲಿಗೆ ಹಾಕಿಸಿಕೊಟ್ಟ ಆ್ಯಪಿಗೆ ಹೇಳುವುದನ್ನು ಮರೆತಿದ್ದರು. ಯಾವ ಡ್ರೈವರು ಹೆಣಕ್ಕೆ ಹತ್ತಿರದಲ್ಲಿದ್ದಾನೋ ಅವನಿಗೆ ಅದು ಕೆಲಸ ಕಳಿಸುತ್ತದೆ. ಊಟದ ಹೊತ್ತು ಮೀರಿತ್ತು, ಒಳಗಿನಿಂದ ಯಾರೂ ಬಂದಿರಲಿಲ್ಲ. ಆಗ ಅವರ ಜೇಬಿನಲ್ಲಿ ಮೊಬೈಲು ಗುರ್ ಎಂದಿತು. ತೆಗೆದು ನೋಡಿದವರು ನನ್ನ ಕಡೆ ತಿರುಗಿಸಿದರು. ‘ನಿಮಗೆ ತುಂಬಾ ಹತ್ತಿರದಲ್ಲೇ ಒಂದು ಕೆಲಸವಿದೆ. ಶಸ್ತ್ರಚಿಕಿತ್ಸೆ ವಿಭಾಗ. ಹೆಂಗಸು, ಐವತ್ತೆರಡು ವರ್ಷ.’ ಅದರಲ್ಲಿ ಹೆಸರು ಬರುವುದಿಲ್ಲ.

ಅಕ್ಕನಿಗೂ ಐವತ್ತೆರಡು.

ನಾನು ಆಪರೇಷನ್ ಕೋಣೆಯ ಬಾಗಿಲು ಬಡಿದೆ. ಭಾವ ಬಡಿಯಲಿಲ್ಲ, ತಮಗೆ ಗೊತ್ತಿದ್ದ ಒಂದೇ ಬಾಗಿಲಿಗೆ, ಆ ಹಸಿರು ಬಾಗಿಲಿಗೆ ಓಡಿದರು. ನರ್ಸು ಬಂದು, ಯಾಕಮ್ಮಾ ಹೀಗೆ ಬಡೀತೀರಿ, ಈಗಷ್ಟೇ ಮುಗೀತು, ಚೆನ್ನಾಗಿದ್ದಾರೆ ಎಂದು ಗದರಿದಾಗ ಕೇಳಲು ಅವರು ಅಲ್ಲಿರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಅವರು ಬಂದದ್ದು ಸಂಜೆ, ಕೈಕಾಲು ತೊಳೆದುಕೊಂಡು. ಅಕ್ಕ ಚೆನ್ನಾಗಿದ್ದಾಳೆ ಎಂದೆ. ಗೊತ್ತು ಎನ್ನುವಂತೆ ತಲೆಯಾಡಿಸಿ, ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತರು. ನಾನು ಕೇಳದೆಯೇ ಹೇಳಿದರು.

“ಅಲ್ಲಿ ಒಬ್ಬ ಯಜಮಾನ್ರು ತಮ್ಮ ಹೆಂಡತಿಯ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ನಾನು ಬಟ್ಟೆ ಸರಿಸಿ ಮುಖ ನೋಡಿದೆ. ನಮ್ಮವಳಲ್ಲ. ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ, ಅವರೆದುರಿಗೇ ನಕ್ಕುಬಿಟ್ಟೆ. ಅದು ಅಳು ಅಂದ್ಕೊಂಡ್ರು ಅವರು. ನನ್ನ ತಬ್ಬಿಕೊಂಡು, ನನ್ನ ಹೆಂಡತಿಗೋಸ್ಕರ ಅಳೋಕೆ ನೀವೊಬ್ಬರಾದ್ರೂ ಬಂದ್ರಲ್ಲ ಅಂದ್ರು.”

ಆಮೇಲೆ ಅವರಿಗೆ ಅಲ್ಲಿಂದ ಬರಲಾಗಲಿಲ್ಲ. ಷೆಡ್ಡಿಗೆ ಹೋಗಿ ವ್ಯಾನ್ ತಂದು, ಆ ಹೆಂಗಸನ್ನು ತಾವೇ ಕರೆದೊಯ್ದರು. ಬೇರೆ ಯಾರೂ ಬರುವವರಿರಲಿಲ್ಲವಂತೆ. ಸ್ಮಶಾನದಲ್ಲಿ ಎಲ್ಲ ಮುಗಿಯುವವರೆಗೆ ಆ ಮನುಷ್ಯನ ಪಕ್ಕದಲ್ಲೇ ನಿಂತರು. ಇಷ್ಟು ವರ್ಷ ಬೈಯಲು ತುದಿಗಾಲಲ್ಲಿ ನಿಂತಿದ್ದ ನಾನು ಅವತ್ತು ಅವರ ಕೈಗೆ ನೀರಿನ ಬಾಟಲಿ ಕೊಟ್ಟೆ. ಅವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಒಳಗೆ ಅಕ್ಕನಿಗೆ ಎಚ್ಚರವಾಗಿತ್ತು. ಸಣ್ಣ ದನಿಯಲ್ಲಿ, ಎಲ್ಲಿ ಹೋಗಿದ್ದಿರಿ ಎಂದಳು. ಒಂದು ಟ್ರಿಪ್ ಇತ್ತು ಎಂದರು ಭಾವ. ಅವಳ ಒಣಗಿದ ತುಟಿಯಲ್ಲಿ ಆಗಲೇ ನಗು ಕಾದು ಕೂತಿತ್ತು.

“ಇವತ್ತೂನಾ? ಏನಾಯ್ತು, ಹೇಳಿ.”

ಭಾವ ಬಾಯಿ ತೆರೆದರು, ಮುಚ್ಚಿದರು. ಅಕ್ಕ ಅವರ ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಸರಿಸಿ, ಮಂಚದ ಅಂಚಿನಲ್ಲಿ ಅವರಿಗೆ ಜಾಗ ಮಾಡಿದಳು.

“ಬೇಡ ಬಿಡಿ. ಬನ್ನಿ, ಸುಮ್ನೆ ಕೂತ್ಕೊಳ್ಳಿ.”