ಕೊನೆಯ ಅಂಕ ಕೇಳದ ಸೂಜಿ ಅಜ್ಜಿ

"ಅಮ್ಮ, ಸೂಜಿ ಅಜ್ಜಿ ಟವೆಲ್ಲಿಗೂ ಯಾಕೆ ತಲೆ ಸವರ್ತಾರೆ?"

ಕಣ್ಣಿಗೆ ಸೋಪು ಹೋಗಿ ಅತ್ತು ಮುಗಿಸಿದ ಮೇಲೆ, ಬಚ್ಚಲಲ್ಲಿ ನಿಂತು ಮಗಳು ಕೇಳಿದ ಪ್ರಶ್ನೆ ಇದು. ನಮ್ಮ ಕೆಳಗಿನ ಕೋಣೆಯಲ್ಲಿ ಒಬ್ಬರೇ ಇರುವ ದರ್ಜಿ ಅಜ್ಜಿಗೆ ಆ ಹೆಸರಿಟ್ಟವಳೂ ಇವಳೇ. ಯಾವ ಬಟ್ಟೆ ಕೈಗೆ ಬಂದರೂ ಅವರು ಮೊದಲು ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಸವರುತ್ತಾರೆ. ಮಖಮಲ್ಲಾದರೆ ಸರಿ, ನನ್ನ ಗಂಡನ ಮೊಣಕಾಲು ಹರಿದ ಪ್ಯಾಂಟಿಗೂ ಅದೇ ಉಪಚಾರ.

ಅದು ಅವರ ಅಭ್ಯಾಸ ಪುಟ್ಟಿ, ಎಂದು ಹೇಳಿ ಮಗಳ ತಲೆ ಒರೆಸಿದೆ. ಐದು ವರ್ಷದ ಮಗುವಿಗೆ ಅಷ್ಟು ಸಾಕು. ಉಳಿದದ್ದನ್ನು ಅವಳು ದೊಡ್ಡವಳಾದ ಮೇಲೆ ಓದಲಿ ಎಂದು ಇಲ್ಲಿ ಬರೆದಿಡುತ್ತೇನೆ.

ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕು ಇರುತ್ತದಂತೆ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ತರಕಲು. ಒಂದೇ ಉಡುಪಿನ ಎರಡು ತುಂಡುಗಳನ್ನು ಎದುರುಬದುರು ದಿಕ್ಕಿನಲ್ಲಿ ಕತ್ತರಿಸಿದರೆ, ಕೋಣೆಯ ಮಂದ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ರಂಗದ ದೀಪ ಬಿದ್ದಾಗ ಮಾತ್ರ ಒಂದು ತುಂಡು ಕೆಂಪಾಗಿ, ಇನ್ನೊಂದು ಕಪ್ಪಾಗಿ ಕಾಣುತ್ತದೆ. ಸೂಜಿ ಅಜ್ಜಿ ಹರೆಯದಲ್ಲಿ ಒಮ್ಮೆ ಹಾಗೆ ಕತ್ತರಿಸಿದರು. ಅದರ ಶಿಕ್ಷೆ ಇನ್ನೊಬ್ಬರು ಉಂಡರು. ಆ ಇನ್ನೊಬ್ಬರು ಇನ್ನೂ ಬದುಕಿದ್ದಾರೆ. ಅವರಿಗೆ ಹೇಳಬೇಕಾದ ಮಾತು ಅಜ್ಜಿಯ ಗಂಟಲಲ್ಲಿ ಅಂದಿನಿಂದ ಹಾಗೆಯೇ ಕೂತಿತ್ತು.

ನನಗೆ ಇದೆಲ್ಲ ತಿಳಿದದ್ದು ಒಂದು ನಾಟಕದಿಂದ. ಮದುವೆ, ಬಾಣಂತನಗಳ ನಡುವೆ ಅರ್ಧಕ್ಕೆ ನಿಂತ ಪದವಿಯನ್ನು ಮನೆಯಲ್ಲೇ ಓದಿ ಮುಗಿಸಲು ಹೊರಟಿದ್ದೇನೆ. ಈ ಸಲ ಪಠ್ಯಕ್ಕೆ ಒಂದು ಹಳೆಯ ದುರಂತ ನಾಟಕ ಬಂದಿದೆ. ಕೋಟೆಯ ದಳಪತಿಯೊಬ್ಬ, ಯುದ್ಧದಲ್ಲಿ ಗಾಯಗೊಂಡು ಮರಳಿದ ಅಣ್ಣನಿಗೆ, ಅಂದರೆ ರಾಜನಿಗೆ, ಬಾಗಿಲು ತೆಗೆಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಅಣ್ಣ ಹೊರಗೇ ಸತ್ತಿರುತ್ತಾನೆ. ಸಿಂಹಾಸನ ತಮ್ಮನಿಗೆ ಬರುತ್ತದೆ. ಆಮೇಲೆ ಅವನಿಗೆ ಮುಚ್ಚಿದ ಬಾಗಿಲು ಕಂಡರಾಗುವುದಿಲ್ಲ. ಅರಮನೆಯ ಕದಗಳನ್ನೆಲ್ಲ ತೆರೆದಿಡಿಸುತ್ತಾನೆ.

ಮಧ್ಯಾಹ್ನ ಮಗಳು ಮಲಗಿದಾಗ ನಾನು ಕೆಳಗಿಳಿದು ಅಜ್ಜಿಯ ಕೋಣೆಯಲ್ಲಿ ಓದಲು ಕೂರುತ್ತೇನೆ. ಮೇಲೆ ಕೂತರೆ ಪುಸ್ತಕದ ಬದಲು ತೊಳೆಯದ ಪಾತ್ರೆಗಳೇ ಕಣ್ಣಿಗೆ ಬೀಳುತ್ತವೆ. ಅಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಕತ್ತರಿಗಳ ಸಾಲು, ಮೂಲೆಯಲ್ಲಿ ತಲೆಯಿಲ್ಲದ ಒಂದು ಮರದ ಬೊಂಬೆ. ಬೊಂಬೆಗೆ ಮಗಳು ದಿನವೂ ನಮಸ್ಕಾರ ಹೇಳುತ್ತಾಳೆ. ನಾನು ಗಟ್ಟಿಯಾಗಿ ಓದುವವಳು, ಇಲ್ಲವಾದರೆ ತಲೆಗೆ ಹತ್ತುವುದಿಲ್ಲ. ಮೊದಲ ದಿನ ಮೊದಲ ಪುಟ ಓದುತ್ತಿದ್ದ ಹಾಗೆಯೇ ಅಜ್ಜಿ ಯಂತ್ರ ನಿಲ್ಲಿಸಿದರು.

"ಇದು ನಮ್ಮ ನಾಟಕ ಕಣೆ," ಎಂದರು.

ನಮ್ಮ ನಾಟಕ ಎಂದರೆ ಅವರು ಕೆಲಸ ಮಾಡಿದ ರಂಗಮಂದಿರ ಮತ್ತೆ ಮತ್ತೆ ಆಡಿಸುತ್ತಿದ್ದ ನಾಟಕ. ಅಲ್ಲಿಯ ಉಡುಪಿನ ಕೋಣೆಗೆ ಅವರು ಗುಂಡಿ ಹಚ್ಚುವ ಹುಡುಗಿಯಾಗಿ ಸೇರಿದ್ದರು, ಕತ್ತರಿ ಮೇಜಿನ ಒಡತಿಯಾಗಿ ನಿವೃತ್ತರಾದರು. ನಡುವೆ ಮದುವೆಯಾಯಿತು, ಬಸ್ಸು ಓಡಿಸುತ್ತಿದ್ದ ಗಂಡ ಬೇಗನೆ ಹೋದರು, ಮಕ್ಕಳಾಗಿರಲಿಲ್ಲ. ಈಗ ಓಣಿಯವರ ಜಿಪ್ಪು, ಮಡಿಕೆ, ಸಡಿಲ ಸೊಂಟ ಸರಿಮಾಡಿಕೊಡುತ್ತಾರೆ. ನನ್ನ ಹೊಲಿಗೆ ನೋಡಿ, ಇದನ್ನ ಇಲಿ ಹೊಲಿದಿದ್ರೆ ಇದಕ್ಕಿಂತ ನೆಟ್ಟಗಿರ್ತಿತ್ತು ಎನ್ನುತ್ತಾರೆ. ಹಾಗೆಂದು ತಾವೇ ಬಿಚ್ಚಿ ಹೊಲಿಯುತ್ತಾರೆ.

ಹೀಗೆ ನನ್ನ ಓದು ಇಬ್ಬರ ಓದಾಯಿತು. ನನಗೆ ಪಾತ್ರಗಳ ಮಾತು ಗೊತ್ತು, ಅವರಿಗೆ ಪಾತ್ರಗಳ ಅಳತೆ ಗೊತ್ತು. ಮಂತ್ರಿ ಬಂದಾಗ, ಈ ಪುಣ್ಯಾತ್ಮನ ಹೊಟ್ಟೆಗೆ ಪ್ರತಿ ಸಲ ಎರಡು ಪಕ್ಕ ಬಿಚ್ಚಿ ಅಗಲ ಮಾಡಬೇಕಿತ್ತು, ಇವನಿಗೆ ಇರೋದು ಇಷ್ಟೇ ಮಾತಾ ಎಂದು ಮುಖ ಸಿಂಡರಿಸಿದರು. ನಾನು ನಕ್ಕು ಪುಸ್ತಕ ಕೆಳಗೆ ಹಾಕಿದೆ. ಅವರು ನಗಲಿಲ್ಲ. ದಳಪತಿ ರಾಜನಾಗಿ ಮಖಮಲ್ಲಿನ ನಿಲುವಂಗಿ ತೊಡುವ ದೃಶ್ಯ ಬಂದಿತ್ತು.

ಅಜ್ಜಿ ತಪ್ಪಾಗಿ ಕತ್ತರಿಸಿದ್ದು ಆ ನಿಲುವಂಗಿಯನ್ನೇ. ಅಂದಿನ ಕಟಿಂಗ್ ಮಾಸ್ಟರು ಅವರಿಗೆ ಕತ್ತರಿ ಹಿಡಿಯಲು ಕಲಿಸಿದವರು. ಮಾಸ್ಟರು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿ, ಎಲ್ಲ ತುಂಡೂ ಈ ದಿಕ್ಕಿನಲ್ಲೇ ಬರಬೇಕು, ಬಟ್ಟೆ ಪೂರ್ತಿ ಬೇಕಾಗುತ್ತದೆ ಎಂದು ಹೇಳಿ ಊಟಕ್ಕೆ ಹೋದರು. ಅಜ್ಜಿಗೆ ಹುರುಪು. ಬಲಭಾಗದ ತುಂಡನ್ನು ತಲೆಕೆಳಗು ಮಾಡಿ ಜೋಡಿಸಿದರೆ ಎಷ್ಟೋ ಬಟ್ಟೆ ಉಳಿಯುತ್ತದೆ ಎಂದು ಕಂಡಿತು. ಉಳಿದದ್ದರಲ್ಲಿ ರಾಜನಿಗೆ ಒಂದು ಟೊಪ್ಪಿಗೆಯನ್ನೂ ಹೊಲಿದು ಎಲ್ಲರ ಬಾಯಿ ಮುಚ್ಚಿಸೋಣ ಎನಿಸಿತು. ಮಾಸ್ಟರು ಕೈ ತೊಳೆದು ಬರುವಷ್ಟರಲ್ಲಿ ಕತ್ತರಿಸಿಯಾಗಿತ್ತು.

"ಅವರಿಗಿಂತ ಜಾಣೆ ಅನ್ನಿಸ್ಕೋಬೇಕಿತ್ತು ನಂಗೆ. ಅಷ್ಟೆ," ಎಂದರು ಅಜ್ಜಿ. "ಅವರ ಕೆಲಸ ಕಿತ್ಕೋಬೇಕು ಅಂತ ಇರಲಿಲ್ಲ ಕಣಮ್ಮ."

ಅಂತಿಮ ತಾಲೀಮಿನಲ್ಲಿ ದೀಪ ಬಿದ್ದಾಗ ರಾಜನ ಎಡಮೈ ಕೆಂಪು, ಬಲಮೈ ಕಪ್ಪು. ಮ್ಯಾನೇಜರು ನಿಲುವಂಗಿಯನ್ನು ಮೇಜಿನ ಮೇಲೆ ಎಸೆದು, ಯಾರು ಕತ್ತರಿಸಿದ್ದು ಎಂದು ಕೇಳಿದರು. ಮಾಸ್ಟರಿಗೆ ಆಗಲೇ ಕಣ್ಣಲ್ಲಿ ನೀರು ಬಂದು ಸರಿಯಾಗಿ ಕಾಣದ ತೊಂದರೆ. ಎಲ್ಲರಿಗೂ ಅದು ಗೊತ್ತಿತ್ತು. ಅವರು ಬಟ್ಟೆಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಸವರಿದರು. ಆಮೇಲೆ, ಮೇಜು ನನ್ನದು ಎಂದಷ್ಟೇ ಹೇಳಿದರು. ಇವರು ಇಸ್ತ್ರಿ ಪೆಟ್ಟಿಗೆಯ ಹತ್ತಿರ ನಿಂತಿದ್ದರು, ನಿಂತೇ ಇದ್ದರು. ಮುಂದಿನ ವಾರ ಮಾಸ್ಟರಿಗೆ ಶಾಲು ಹೊದಿಸಿ, ಕಣ್ಣಿಗೆ ವಿಶ್ರಾಂತಿ ಬೇಕು ಎಂದು ಮರ್ಯಾದೆಯಿಂದ ಮನೆಗೆ ಕಳಿಸಿದರು. ಮೇಜು ಇವರಿಗೆ ಬಂತು.

ಸೂಜಿ ಅಜ್ಜಿ ಇದನ್ನು ಹೇಳುವಾಗ ಅಳಲಿಲ್ಲ. ಪಕ್ಕದ ಮನೆಯ ಪರದೆಗೆ ಅಂಚು ಮಡಚುತ್ತಲೇ ಹೇಳಿದರು. ಈಗ ಯಾಕೆ ಹೇಳಿದರು ಎಂದರೆ, ಹಿಂದಿನ ವಾರ ತರಕಾರಿ ಅಂಗಡಿಯಲ್ಲಿ ಮಾಸ್ಟರ ಮಗಳು ಸಿಕ್ಕಿದ್ದಳಂತೆ. ಅಪ್ಪನಿಗೆ ಕಣ್ಣು ಪೂರ್ತಿ ಹೋಗಿದೆ, ಉಸಿರೂ ಸರಿಯಿಲ್ಲ, ಡಾಕ್ಟರು ಬಹಳ ಆಸೆ ಇಟ್ಕೋಬೇಡಿ ಅಂದಿದ್ದಾರೆ, ನಿಮ್ಮನ್ನ ಆಗಾಗ ನೆನೆಸ್ಕೋತಾರೆ ಎಂದಳಂತೆ.

ಹೋಗಿ ಬನ್ನಿ ಎಂದೆ. ಹೇಳಿಬಿಡಿ, ಹಗುರಾಗುತ್ತೀರಿ ಎಂದೂ ಸೇರಿಸಿದೆ. ಹೊರಗಿನವರಿಗೆ ಇಂಥ ಮಾತು ಸಲೀಸು.

ಅವಸರ ಏನಿದೆ, ಮೊದಲು ನಾಟಕ ಮುಗಿಯಲಿ ಎಂದರು ಅವರು. ಮುಂದಿನದು ಕೇಳಿ ನನಗೆ ಅಚ್ಚರಿಯಾಯಿತು. ಇಷ್ಟು ವರ್ಷ ಆ ನಾಟಕಕ್ಕೆ ಉಡುಪು ತೊಡಿಸಿದವರು ಅದರ ಕೊನೆಯ ಅಂಕವನ್ನು ಒಮ್ಮೆಯೂ ನೋಡಿರಲಿಲ್ಲ, ಕೇಳಿರಲೂ ಇಲ್ಲ. ನಾಲ್ಕನೆಯ ಅಂಕದಲ್ಲಿ ರಾಜ, ನಡೆದದ್ದನ್ನು ಕಂಡಿದ್ದ ಬಾಗಿಲು ಕಾಯುವವನನ್ನು ಇರಿಯುತ್ತಾನೆ; ನಿಲುವಂಗಿಯ ಮೇಲೆ ಬಣ್ಣದ ರಕ್ತ ಚಿಮ್ಮುತ್ತದೆ. ಮಖಮಲ್ಲನ್ನು ಹಿಂಡುವ ಹಾಗಿಲ್ಲ, ಉಜ್ಜುವ ಹಾಗಿಲ್ಲ, ಒಣಗಲು ಬಿಟ್ಟರೆ ಕಲೆ ಕೂತುಬಿಡುತ್ತದೆ. ಹಾಗಾಗಿ ಪರದೆ ಬಿದ್ದ ತಕ್ಷಣ ಅದನ್ನು ಬಿಚ್ಚಿಸಿಕೊಂಡು ಇವರು ನೆಲಮಾಳಿಗೆಯ ಒಗೆಯುವ ಕೋಣೆಗೆ ಓಡಬೇಕಿತ್ತು. ಅಲ್ಲಿ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ ಒತ್ತಿ ಕಲೆ ತೆಗೆಯುವಷ್ಟರಲ್ಲಿ ಮೇಲೆ ನಾಟಕ ಮುಗಿದಿರುತ್ತಿತ್ತು. ನೆಲಮಾಳಿಗೆಗೆ ಕೇಳಿಸುತ್ತಿದ್ದದ್ದು ಅಣ್ಣನ ಹೆಂಡತಿಯ ಪಾತ್ರದವಳ ಅಳು, ಆಮೇಲೆ ಚಪ್ಪಾಳೆ. ರಾಜನ ಪಾತ್ರಧಾರಿ ಕೆಳಗೆ ಬರುವಾಗ ಕಣ್ಣು ಒದ್ದೆ.

"ಅತ್ತಿಗೆ ಹತ್ರ ಎಲ್ಲ ಹೇಳ್ಬಿಡ್ತಾನೆ ಅಲ್ವಾ ಅವ್ನು?" ಎಂದು ಕೇಳಿದರು. "ಅದಕ್ಕೇ ಅವಳು ಅಳ್ತಾಳೆ. ಕ್ಷಮಿಸ್ತಾಳೆ. ಹಂಗೇ ಅಲ್ವಾ?"

ಅವರು ಯಾರನ್ನೂ ಕೇಳದೆ, ಒಗೆಯುವ ಕೋಣೆಯಲ್ಲಿ ತಾವೇ ಕಟ್ಟಿಕೊಂಡಿದ್ದ ಕೊನೆಯ ಅಂಕ ಅದು. ನಾನು ಮುಂದಕ್ಕೆ ಓದಿರಲಿಲ್ಲ, ಓದಿದಾಗ ನೋಡೋಣ ಎಂದೆ. ಅವರ ಮುಖದಲ್ಲಿದ್ದ ಭರವಸೆ ನನಗೆ ಆಗಲೇ ಹೆದರಿಕೆ ಹುಟ್ಟಿಸಿತು. ಅಂದು ರಾತ್ರಿ ಅನ್ನಕ್ಕಿಟ್ಟು ಕೊನೆಯ ಪುಟಗಳನ್ನು ತಿರುವಿದೆ. ಅನ್ನ ತಳ ಹಿಡಿಯಿತು. ಗಂಡ ಮೇಲಿನದನ್ನು ಬಡಿಸಿಕೊಂಡು ತಿಂದರು.

ಮರುದಿನ ಓದುವುದನ್ನು ತಪ್ಪಿಸಿಕೊಳ್ಳಲು ನೋಡಿದೆ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಮಾತಾಡೋಣ ಎಂದೆ. ನಾಯಕನ ಮಹತ್ವಾಕಾಂಕ್ಷೆ ಅವನ ಪತನಕ್ಕೆ ಹೇಗೆ ಕಾರಣವಾಯಿತು ಎಂಬುದನ್ನು ತೆಗೆದೆ. ಅವರು ಸೂಜಿಗೆ ನೂಲು ಪೋಣಿಸುತ್ತ, ಆಸೆ ಪಟ್ಟಿದ್ದರಿಂದ ಅವನೇನೂ ಬೀಳಲಿಲ್ಲ, ಆಮೇಲೆ ಬಾಯಿ ಮುಚ್ಚಿಕೊಂಡಿದ್ದರಿಂದ ಬಿದ್ದ ಎಂದರು. ನಾನು ಒಪ್ಪಲಿಲ್ಲ. ಬಾಗಿಲು ಮುಚ್ಚಿದ್ದು ಆಸೆಯೇ ಅಲ್ಲವೇ, ಅಣ್ಣ ಹೊರಗೆ ಸತ್ತದ್ದು ಅದರಿಂದಲೇ ಅಲ್ಲವೇ ಎಂದು ವಾದಿಸಿದೆ. ಅವರು ಪೋಣಿಸಿದ ನೂಲಿಗೆ ಗಂಟು ಹಾಕಿ, ಹೌದು, ಅದೂ ಹೌದು ಎಂದರು. ಪರೀಕ್ಷೆಯ ವಾದ ಗೆದ್ದಿದ್ದೆ. ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಕೊನೆಗೆ ಓದಲೇಬೇಕಾಯಿತು. ಶತ್ರು ಸೈನ್ಯ ಕೋಟೆಯ ಹತ್ತಿರ ಬಂದಿರುತ್ತದೆ. ಸತ್ತ ಅಣ್ಣನ ಹೆಂಡತಿ, ಈಗಂತೂ ಕಣ್ಣು ಮಂಜಾದ ಮುದುಕಿ, ರಾಜನ ಬಳಿಗೆ ಬಂದು ನನಗೆ ಹೇಳಬೇಕಾದದ್ದು ಏನಾದರೂ ಇದೆಯೇ ಎಂದು ಕೇಳುತ್ತಾಳೆ. ಅವಳಿಗೆ ಎಲ್ಲ ಗೊತ್ತೋ ಏನೂ ಗೊತ್ತಿಲ್ಲವೋ, ನಾಟಕ ಹೇಳುವುದಿಲ್ಲ. ರಾಜ ಬಾಯಿ ತೆರೆಯುತ್ತಾನೆ. ಗಾಳಿ ತಣ್ಣಗಿದೆ, ಒಳಗೆ ಹೋಗಿ ಎನ್ನುತ್ತಾನೆ. ಅವಳು ಹೋಗುತ್ತಾಳೆ. ತೆರೆದ ಬಾಗಿಲುಗಳಿಂದ ಶತ್ರುಗಳು ಒಳಗೆ ಬರುತ್ತಾರೆ. ಅವನು ಸಾಯುತ್ತಾನೆ, ಅವಳು ಅಳುತ್ತಾಳೆ. ನಾಟಕ ಮುಗಿಯುತ್ತದೆ.

ಸೂಜಿ ಅಜ್ಜಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದರು. ಹಿಂದೆ ಬಿಳಿ ರಟ್ಟು ಮಾತ್ರ ಇತ್ತು.

"ಹೇಳೋದೇ ಇಲ್ವಾ?"

ಇಲ್ಲ ಎಂದೆ.

"ಕೇಳಿದ್ಳಲ್ಲ ಅವ್ಳು. ಬಾಯಿಬಿಟ್ಟು ಕೇಳಿದ್ಳಲ್ಲ."

ಮಾಸ್ಟರಿಗೂ ಅಂದೇ ಗೊತ್ತಿದ್ದಿರಬಹುದು ಎಂದು ನಾನು ಮೆಲ್ಲಗೆ ಹೇಳಿದೆ. ಬಟ್ಟೆ ಸವರಿದ ಕೈಗೆ ದಿಕ್ಕು ತಿಳಿಯದೆ ಇರುತ್ತದೆಯೇ? ಬಾಣ ಹಾಕಿದವರು ಅವರೇ ಅಲ್ಲವೇ? ನಿಮ್ಮನ್ನು ಉಳಿಸಲೆಂದೇ ಮೇಜು ನನ್ನದು ಎಂದಿರಬಹುದು. ಸಮಾಧಾನವಾಗಲಿ ಎಂದು ಹೇಳಿದ ಮಾತು.

"ಗೊತ್ತಿದ್ರೆ ಇನ್ನೂ ಕಷ್ಟ ಕಣಮ್ಮ," ಎಂದರು. "ಇಷ್ಟು ವರ್ಷ ನಾನು ಬರ್ತೀನಿ ಅಂತ ಕಾಯ್ತಾ ಕೂತಿರ್ತಾರೆ."

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ನಾನು ಎದ್ದು ಬಂದೆ. ಮುಂದೆ ಎರಡು ಮೂರು ದಿನ ಕೆಳಗಿನ ಬಾಗಿಲು ಮುಚ್ಚಿಯೇ ಇತ್ತು, ಯಂತ್ರದ ಸದ್ದಿರಲಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತು, ಅಜ್ಜಿಗೆ ಜ್ವರವಾ, ಬೊಂಬೆನ ಯಾರು ಮಾತಾಡಿಸ್ತಾರೆ ಎಂದು ಕೇಳುತ್ತಲೇ ಇದ್ದಳು. ಒಂದು ಪಾತ್ರೆಯಲ್ಲಿ ಬಿಸಿ ಸಾರು ಕೊಟ್ಟು ಕಳಿಸಿದೆ. ಪಾತ್ರೆ ತೊಳೆದು ವಾಪಸು ಬಂತು. ಕೊನೆಯ ಅಂಕವನ್ನು ಓದದೇ ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ಅವರು ಕಟ್ಟಿಕೊಂಡ ಕೊನೆಯೇ ಅವರಿಗೆ ಇರಬಹುದಿತ್ತು. ಆದರೆ ಆ ಕೊನೆಯನ್ನು ನಂಬಿಕೊಂಡೇ ಅಲ್ಲವೇ ಅವರು ಇಷ್ಟು ಕಾಲ, ಹೇಳಿದರಾಯಿತು, ಹೇಳಿದರಾಯಿತು ಎಂದು ಮುಂದೂಡುತ್ತ ಬಂದದ್ದು?

ಇವತ್ತು ಮಧ್ಯಾಹ್ನ ಅವರೇ ಮೇಲೆ ಬಂದರು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ಕೈಯಲ್ಲಿ ಮಡಚಿದ ಒಂದು ಕೆಂಪು ಮಖಮಲ್ಲಿನ ತುಂಡು. ಅಂಚುಗಳು ಸವೆದು ನೂಲು ಬಿಟ್ಟಿದ್ದವು. ಅಂದು ಉಳಿಸಿದ್ದ ಬಟ್ಟೆಯಂತೆ. ಟೊಪ್ಪಿಗೆ ಹೊಲಿಯಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಮಾಸ್ಟರ ಕೈಗೆ ಇದನ್ನ ಕೊಟ್ಟರೆ ಸಾಕು, ಕಣ್ಣು ಬೇಕಾಗಲ್ಲ ಎಂದರು. ಆಮೇಲೆ, ಆದ್ರೂ ಬಾಯಲ್ಲೇ ಹೇಳ್ಬೇಕು ಎಂದು ತಾವೇ ತಿದ್ದಿಕೊಂಡರು.

ಮಗಳು ಆ ತುಂಡನ್ನು ಸವರಿ ನೋಡಿದಳು. ಹೀಗೆ ಮಾಡಿದ್ರೆ ಬೆಕ್ಕು, ಹೀಗೆ ಮಾಡಿದ್ರೆ ಅಪ್ಪನ ಗಡ್ಡ ಎಂದಳು. ಅಜ್ಜಿ ಬಹಳ ದಿನಗಳ ಮೇಲೆ ನಕ್ಕರು.

ಜೊತೆಗೆ ಹೋಗಲು ನಾನು ಚಪ್ಪಲಿ ಹುಡುಕತೊಡಗಿದೆ. ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ನೀನು ಒಳಗೆ ಬರ್ಬೇಡ. ಅವರ ಮನೆ ಮೆಟ್ಟಿಲ ಕೆಳಗೆ ನಿಂತಿರು. ನಾನು ಹೋಗಿ, ಆರೋಗ್ಯ ವಿಚಾರಿಸ್ಕೊಂಡು, ಚಳಿ ಇದೆ ಹೊದ್ಕೊಳಿ ಅಂತ ಹೇಳಿ ಇಳಿದು ಬಂದ್ಬಿಡ್ಬಹುದು. ನನ್ನ ಮುಖ ನೋಡಿದ್ರೆ ನಿಂಗೆ ಗೊತ್ತಾಗುತ್ತೆ. ಹಾಗೇನಾದ್ರೂ ಬಂದ್ರೆ, ದಾರಿ ಬಿಡ್ಬೇಡ ಮಗಳೆ. ತಿರುಗಿಸಿ ಮೇಲಕ್ಕೆ ಕಳಿಸು."