ಶರಣು ಎಂದದ್ದಕ್ಕೆ ಒಡೆದ ಮುದ್ರೆ

ಕೊಪ್ಪಳ ಜಿಲ್ಲೆಯಾಗಿ ಒಂದು ದಶಕ ದಾಟಿದ್ದ ಕಾಲ. ಭಾಗ್ಯನಗರದ ಬೀಜ ಸಹಕಾರ ಸಂಘವೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ, ಚಿಂತೆ ಮಾಡುವುದು ಸ್ವಭಾವ. ಎರಡನೆಯದರಲ್ಲಿ ರಜೆ ತೆಗೆದುಕೊಂಡ ನೆನಪಿಲ್ಲ.

ಗಂಗಾವತಿಯ ಬೀಜ ಪರೀಕ್ಷಾ ಕೇಂದ್ರದ ಹೆಸರಿನಲ್ಲಿ ಯಾರೋ ಸುಳ್ಳು ಮೇಲ್ ಕಳಿಸಿದ್ದರು. ಅಂದಿನಿಂದ, ಬರುವ ಪ್ರತಿ ಮೇಲ್‌ನ ಸಹಿಯನ್ನು ಸರ್ವರ್ ಪರೀಕ್ಷಿಸುವಂತೆ ಮಾಡಿದೆ. ಈ ಸಹಿ ಕಣ್ಣಿಗೆ ಕಾಣದ ಅರಗಿನ ಮುದ್ರೆಯಂಥದು. ದಾರಿಯಲ್ಲಿ ಯಾರಾದರೂ ಒಂದಕ್ಷರ ಸೇರಿಸಿದರೂ ಒಡೆಯುತ್ತದೆ. ಒಡೆದದ್ದೆಲ್ಲ ಬೇರೊಂದು ಪೆಟ್ಟಿಗೆಗೆ. ಅಲ್ಲಿರುವವರೆಲ್ಲ ಕಳ್ಳರೆಂದು ನಾನು ಅತ್ತ ಇಣುಕುತ್ತಲೇ ಇರಲಿಲ್ಲ.

ಮುಂಗಾರಿನ ಮೊದಲ ಮಳೆಯ ಮರುದಿನ, ಮಧ್ಯಾಹ್ನ. ಕಿಟಕಿಯಲ್ಲಿ ಹಸಿಮಣ್ಣಿನ ವಾಸನೆ, ತಲೆಯ ಮೇಲೆ ತೂಕಡಿಸುವ ಫ್ಯಾನು. ಮೇಲುಗಳೆಲ್ಲ ಗಂಗಾವತಿಯ ಗದ್ದೆಗಳಿಂದೆದ್ದ ಬೆಳ್ಳಕ್ಕಿಗಳಾಗಿ, ನನ್ನ ಬಾಗಿಲಲ್ಲಿಳಿದು ಕಾಲೆತ್ತಿ ಮುದ್ರೆ ತೋರಿಸಿ ಒಳಹೋಗುತ್ತಿದ್ದವು. ಆಗ ಫೋನು ಬಡಿದುಕೊಂಡಿತು. ಬೇವೂರಿನ ರೈತ ಹೆಣ್ಣುಮಗಳು.

"ಸರ, ನಮ್ಮ ಹೆಸರುಕಾಳಿನ ಪರೀಕ್ಷಿ ಏನಾತ್ರಿ? ಎರಿ ಹೊಲ ಹದಕ್ಕ ಬಂದೈತಿ. ಕೂರಿಗಿ ಹೂಡಿಕೊಂಡು ನಿಂತೇವಿ. ನಾಳಿ ಬಿಸಲು ಬಿತ್ತಂದ್ರ ಮುಗೀತ ನೋಡ್ರಿ."

"ಗಂಗಾವತಿಯಿಂದ ಇನ್ನೂ ಬಂದಿಲ್ಲವ್ವ."

"ಬಂದಿಲ್ಲೋ, ನೀವು ಒಳಗ ಬಿಟ್ಟಿಲ್ಲೋ?"

ಆ ಬೇರೆ ಪೆಟ್ಟಿಗೆ ನೆನಪಾಯಿತು. ಪೆಟ್ಟಿಗೆ ತೆರೆದರೆ ಫಲಿತಾಂಶ ಬೆಳಿಗ್ಗೆಯಿಂದ ಕಳ್ಳರ ನಡುವೆ ಕೂತಿದೆ! ಅದರ ನೆತ್ತಿಯ ಮೇಲೆ ಒಂದು ಸಾಲು: ಶರಣು ಶರಣಾರ್ಥಿ. ಬೇವೂರಿನ ಕಾಳು ಪರೀಕ್ಷೆಗೆ ಹೋದದ್ದು ನಮ್ಮ ಕುಷ್ಟಗಿ ಶಾಖೆಯಿಂದ, ಫಲಿತಾಂಶವೂ ಅದೇ ದಾರಿಯಲ್ಲಿ ಬಂದಿತ್ತು. ಆ ಶಾಖೆಯನ್ನು ಹಾದು ಬರುವ ಪ್ರತಿ ಮೇಲಿಗೂ ಅದು ತಾನಾಗಿ ಸೇರುವಂತೆ ಅಲ್ಲಿಯ ಗುಮಾಸ್ತರು ಮಾಡಿಟ್ಟಿದ್ದರು. ಅವರಿಗೆ ಫೋನು ಹಚ್ಚಿದೆ.

"ನಿಮ್ಮ ಶರಣಿನಿಂದ ಮುದ್ರಿ ಒಡದೈತ್ರಿ!"

"ಮಂದಿ ಮನಿಗೆ ಶರಣು ಅನ್ನದ ಹೆಂಗ ಹೋಗೂದ್ರಿ? ಮೊದ್ಲ ನಿಮ್ಮ ಮಷೀನಿಗೆ ರೀತಿ ರಿವಾಜ ಕಲಿಸ್ರಿ."

ಒಡೆದ ಮುದ್ರೆಯನ್ನು ನಂಬಿ ಬಿತ್ತಿರೆನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಗಂಗಾವತಿಯವರನ್ನು ಕಾಡಿ, ಫಲಿತಾಂಶವನ್ನು ಕುಷ್ಟಗಿ ತಪ್ಪಿಸಿ ನೇರವಾಗಿ ಇನ್ನೊಮ್ಮೆ ತರಿಸಿಕೊಂಡೆ. ಸಹಿ ಸರಿಯಿತ್ತು. ಬೇವೂರಿಗೆ ಹೇಳಿದೆ: "ಮೊಳಕಿ ಭಾಳ ಛಲೋ ಬಂದಾವ್ರಿ. ಬಿತ್ರಿವ್ವ."

"ಹೊಡೀರಿ ಎತ್ತು!" ಎಂದು ಆಕೆ ಗಂಡನಿಗೆ ಕೂಗಿದಳು. ಖುಷಿಯಲ್ಲಿ ಫೋನು ಇಡುವುದನ್ನು ಮರೆತು ಸೆರಗಿಗೆ ಕಟ್ಟಿಕೊಂಡಳೇನೋ. ಎತ್ತುಗಳ ಗೆಜ್ಜೆಸದ್ದು, ಆಕೆಯ ಉಸಿರು, ಮಣ್ಣು ಸೀಳುವ ಸರಸರ ಎಲ್ಲ ನನ್ನ ಕಿವಿಯೊಳಗೇ ನಡೆದವು. ನಾನೂ ಫೋನು ಇಡಲಿಲ್ಲ.

ಅಷ್ಟರಲ್ಲಿ ಕುಷ್ಟಗಿಯಿಂದ ಒಂದು ಮೇಲ್ ಬಂತು. ಅದರಲ್ಲಿ 'ಶರಣು' ಬಿಟ್ಟರೆ ಬೇರೇನೂ ಇರಲಿಲ್ಲ. ಈ ಸಲ ಮಾತೂ ಅವರದೇ, ಮುದ್ರೆಯೂ ಅವರದೇ; ಎಲ್ಲೂ ಒಡೆದಿರಲಿಲ್ಲ. ಒಳಗೆ ಬಿಟ್ಟೆ.