ಬೇಯಿಸಿದ್ದು ಬ್ಯಾಡ, ಸೌತಿಕಾಯಿ ತರಲಿ

“ಹೆಸರು ಆಮ್ಯಾಲೆ ಹೇಳು. ಮೊದ್ಲ ತಿನ್ನೋದು ಏನಂತ ಹೇಳು.”

ಗಂಗಾವತಿಯಲ್ಲಿ ಬಾಡಿಗೆ ಮನೆ ಹುಡುಕುತ್ತ ನಾನು ನಿಂತ ನಾಲ್ಕನೆಯ ಬಾಗಿಲಲ್ಲಿ ಕೇಳಿದ ಮಾತು ಇದು. ಮೇ ತಿಂಗಳ ನಡು ಮಧ್ಯಾಹ್ನ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಕಾಲು ಊದಿತ್ತು, ಚಪ್ಪಲಿಯೊಳಗೆ ಅಂಗಾಲು ಸುಡುತ್ತಿತ್ತು. ನಮ್ಮ ಗಂಗೊಳ್ಳಿಯಲ್ಲಾದರೆ ಬಾಡಿಗೆಗೆ ಬಂದವರು ಬಾವಿ ನೀರು ಸಿಹಿಯೋ ಉಪ್ಪೋ ಎಂದು ಕೇಳುತ್ತಾರೆ, ಮನೆಯವರು ಎಷ್ಟು ಜನ ಎಂದು ಕೇಳುತ್ತಾರೆ. ಹೊಟ್ಟೆಯೊಳಗೆ ಏನು ಹೋಗುತ್ತದೆ ಎಂಬುದನ್ನು ಬಾಗಿಲಲ್ಲೇ ನಿಲ್ಲಿಸಿ ಯಾರೂ ಕೇಳಿದ್ದು ನೆನಪಿಲ್ಲ.

“ಸಸ್ಯಾಹಾರಿ” ಎಂದೆ.

“ಯಾವೂರು?”

“ಗಂಗೊಳ್ಳಿ. ಉಡುಪಿ ಜಿಲ್ಲೆ.”

“ಉಡುಪಿ ಅಂದ್ರ ಮುಗೀತು ಬಿಡು.” ಮನೆಯೊಡತಿ ಬಸಮ್ಮನವರ ಮುಖ ಸಡಿಲವಾಯಿತು.

ತಪ್ಪು ತಿಳಿವಳಿಕೆ ಬೇಡವೆಂದು ಆಗಲೇ ಹೇಳಿದೆ: “ಅಮ್ಮಾ, ನಮ್ಮದು ಮೀನುಗಾರರ ಮನೆ. ನಾನು ಮಾತ್ರ ತಿನ್ನುವುದಿಲ್ಲ.”

“ಉಡುಪಿ ಹೋಟೆಲ್‌ನ್ಯಾಗ ಮೀನು ಮಾಡ್ತಾರೇನವ್ವಾ? ಚ್ಯಾಷ್ಟಿ ಮಾಡಬ್ಯಾಡ” ಎಂದು ನಕ್ಕು ಕೀಲಿ ಕೈಗಿಟ್ಟರು. ಚ್ಯಾಷ್ಟಿ ಎಂದರೆ ತಮಾಷೆ. ನಾನು ತಮಾಷೆ ಮಾಡಿರಲಿಲ್ಲ. ಆಮೇಲೂ ಎರಡು ಸಲ ಹೇಳಿದೆ, ಎರಡು ಸಲವೂ ನಕ್ಕರು. ಈ ಕಡೆ ಉಡುಪಿ ಎಂಬುದು ಊರಲ್ಲ, ಹೋಟೆಲಿನ ಬೋರ್ಡು.

ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಎಲ್ಲಿ ಹೋದೆ, ಎಷ್ಟು ಜನ ಇದ್ದರು, ಏನು ಉಂಡೆ ಎಂದು ದಿನಕ್ಕೆ ನಾಲ್ಕು ಸಾಲು. ಖಾಸಗಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು, ಬರೆದಿಡದಿದ್ದರೆ ನಡೆಯುವುದಿಲ್ಲ. ಮೊದಲ ಮೂರು ತಿಂಗಳ ಪುಟಗಳಲ್ಲಿ ‘ಒಬ್ಬಳೇ ಉಂಡೆ’ ಎಂಬ ಸಾಲು ಎಷ್ಟು ಸಲ ಬಂದಿದೆಯೆಂದರೆ, ಕೊನೆಗೆ ಬರೆಯಲು ಬೇಸರವಾಗಿ ಬರೀ ಒಂದು ಗೀಟು ಎಳೆದಿದ್ದೇನೆ.

ಆಸ್ಪತ್ರೆಯಲ್ಲಿ ಹಾಗೆ ಒಬ್ಬರೇ ಉಣ್ಣುವ ಇನ್ನೊಬ್ಬರಿದ್ದರು. ಆಯಾ ಖಾಜಾಬಿ; ನಾವೆಲ್ಲ ಆಪಾ ಎನ್ನುತ್ತಿದ್ದೆವು. ಹನುಮಸಾಗರದವರು, ಐವತ್ತು ದಾಟಿದ ವಯಸ್ಸು. ಮೆಟ್ಟಿಲ ಕೆಳಗೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಹೋಗಿ ಕೂತೆ. ಜೋಳದ ರೊಟ್ಟಿ, ಪುಂಡಿಪಲ್ಯ. ಪುಂಡಿ ಎಂದರೆ ಹುಳಿಯಾದ ಒಂದು ಸೊಪ್ಪು. ಅದಕ್ಕೆ ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ.

“ನಾ ಕಂಡಕಂಡದ್ದು ತಿನ್ನಾಕಿ ಅಲ್ಲರಿ ಮೇಡಮ್ಮಾರ. ಖಂಡ ಬಿಟ್ಟು ಭಾಳ ವರ್ಷ ಆತು” ಎಂದರು, ನಾನು ಕೇಳುವ ಮೊದಲೇ.

“ಯಾಕೆ ಬಿಟ್ಟಿರಿ ಆಪಾ?”

“ಬಾಯಿಗೆ ಹತ್ತಲಿಲ್ಲ, ಬಿಟ್ಟೆ. ಅದಕ್ಕೂ ಕಾರಣ ಬೇಕೇನ್ರಿ?”

ಅಲ್ಲಿಯವರೆಗೆ ನಾನು ಕೊಡಲು ಹುಡುಕುತ್ತಿದ್ದ ಉತ್ತರವೇ ಅದು. ಅಮ್ಮ ಬಂದರಿನಲ್ಲಿ ಮೀನು ವಿಂಗಡಿಸುತ್ತಾಳೆ. ಆ ದುಡ್ಡಿನಲ್ಲಿ ಓದಿದವಳು ನಾನು. ಕಾಲೇಜಿಗೆ ಹೋಗುವಾಗ ಒಂದು ದಿನ ತಟ್ಟೆಯಲ್ಲಿದ್ದದ್ದು ಗಂಟಲಲ್ಲಿ ಇಳಿಯಲಿಲ್ಲ, ಅಷ್ಟೇ. ಅಮ್ಮ ಇವತ್ತಿಗೂ ಫೋನಿನಲ್ಲಿ ಮೊದಲು ಕೇಳುವುದು, “ಹೆಣೆ, ಅಲ್ಲಿ ಉಂಬುಕೆ ಎಂತ ಸಿಕ್ಕತ್ತ್?”

ಆಪಾ ಹೇಳಿದರು: “ನಮ್ಮ ಮಂದಿ ನನ್ನ ಬ್ಯಾನಿ ಬಿದ್ದಾಕಿ ಅಂತಾರ. ಈ ಮಂದಿ ಸುಳ್ಳ ಹೇಳ್ತಾಳ ಅಂತಾರ. ಮನ್ಯಾಗ ನಾ ಮಾಡಿದ ಪಲ್ಯಾಕ್ಕ ಯಾರೂ ಕೈ ಹಚ್ಚಂಗಿಲ್ಲ, ಮಕ್ಕಳಿಗೆ ಖೈಮಾ ಬೇಕು. ಯಾರರ ಒಬ್ರು ನನ್ನ ಕೈಯಿಂದು ಉಂಡು, ಉಪ್ಪು ಜಾಸ್ತಿ ಆಗೈತಿ ಅಂತ ಅಂದ್ರ ಸಾಕು ನೋಡ್ರಿ.”

ಉಂಡೆ. ಉಪ್ಪು ಸರಿಯಾಗಿತ್ತು, ಆದರೂ ಜಾಸ್ತಿ ಎಂದೆ. ಆಪಾ ತಲೆ ಕೊಡವಿ ನಕ್ಕರು.

ಬಳಗ ಕಟ್ಟುವ ಯೋಚನೆ ಹುಟ್ಟಿದ್ದು ಅಲ್ಲಿ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ತಿಂಗಳಿಗೊಮ್ಮೆ ಬರುವ ಹನುಮಂತಪ್ಪನವರೂ ಸೇರಿದರು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕೆಲಸ, ಊರು ಕುಕನೂರಿನ ಹತ್ತಿರ. ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡ ಮೇಲೆ ಮಾಂಸ ಬಿಟ್ಟವರು. “ನಮ್ಮ ಮನ್ಯಾಗ ಆಯಿತಾರ ಬಂದ್ರ ನಾ ಪರದೇಸಿರಿ. ಎಲ್ಲಾರೂ ಒಳಗ, ನಾನು ನನ್ನ ತಾಟು ಕಟ್ಟಿಮ್ಯಾಲೆ” ಎನ್ನುತ್ತಿದ್ದರು. ಬಸಮ್ಮನವರಿಗೆ ಹೇಳಿದೆ. ಹುಟ್ಟಿದಾಗಿನಿಂದ ಸಸ್ಯಾಹಾರಿಯಾದ ಅವರಿಗೆ ನಮ್ಮ ಒಂಟಿತನ ಅರ್ಥವಾಗಲಿಲ್ಲ, ಆದರೂ ಮಾಳಿಗಿ, ಅಂದರೆ ಮೇಲಿನ ತಾರಸಿ, ಬಳಸಿಕೋ ಎಂದರು. ತಿಂಗಳ ಎರಡನೆಯ ಭಾನುವಾರ ಸಸ್ಯಾಹಾರಿ ಬಳಗದ ಸಹಭೋಜನ, ಮನೆಗೊಂದು ಅಡುಗೆ ತನ್ನಿ ಎಂದು ಗೊತ್ತಿದ್ದವರಿಗೆಲ್ಲ ಫೋನಿನಲ್ಲಿ ಕಳಿಸಿದೆ.

ಮೊದಲ ಸಲ ಹನ್ನೊಂದು ಜನ ಬಂದರು. ಎಂಟು ಜನರ ಕೈ ಖಾಲಿ. ಬಂದವರೇ ಗೋಡೆಗುಂಟ ಸಾಲಾಗಿ ಚಕ್ಕಂಬಕ್ಕಳ ಹಾಕಿ ಕೂತರು. ಒಬ್ಬರು, “ಯಾವ ಮಠದ ಕಡೆಯಿಂದ ರೀ ಇದು?” ಎಂದು ಕೇಳಿದರು. ಇಲ್ಲಿ ಒಟ್ಟಿಗೆ ಉಣ್ಣುವುದೆಂದರೆ ಒಬ್ಬರು ನೀಡುವುದು, ಉಳಿದವರು ಸಾಲಿನಲ್ಲಿ ಕೂರುವುದು, ದಾಸೋಹ. ಇನ್ನೊಬ್ಬರ ಮನೆಗೆ ಊಟಕ್ಕೆ ಹೋಗುವಾಗ ಅಡುಗೆ ಹೊತ್ತುಕೊಂಡು ಹೋದರೆ ಆ ಮನೆಯ ಮರ್ಯಾದೆ ತೆಗೆದಂತೆ. ಬಸಮ್ಮನವರು ಕೆಳಗಿನಿಂದ ಹತ್ತಿ ಬಂದು ಸಾಲು ನೋಡಿ, “ಡಬ್ಬಿ ತರ್ರಿ ಅಂತ ಬರದೀಯಂತಲ್ಲ, ನಮ್ಮ ಮನ್ಯಾಗ ಅಕ್ಕಿ ತೀರ್ಯಾವೇನು?” ಎಂದು ಗದರಿ, ಒಂದೇ ತಾಸಿನಲ್ಲಿ ಅನ್ನ, ಸಾರು ಮಾಡಿ ಇಳಿಸಿದರು.

ಎರಡನೆಯ ಸಲ ಏಳು ಜನ. ಎಲ್ಲರೂ ಡಬ್ಬಿ ತಂದಿದ್ದರು, ಎಲ್ಲರೂ ತಮ್ಮ ತಮ್ಮ ಡಬ್ಬಿಯಲ್ಲೇ ಉಂಡರು. ಬಸಮ್ಮನವರ ಬದನೆಕಾಯಿ ಮಾತ್ರ ಸುತ್ತು ಬಂತು. ಖಾಜಾಬಿ ಆಪಾ ಪುಂಡಿಪಲ್ಯದ ಡಬ್ಬಿಯನ್ನು ನಡುವೆ ಇಟ್ಟರು. ಯಾರೂ ಬೇಡ ಎನ್ನಲಿಲ್ಲ; ಹೊಟ್ಟೆ ತುಂಬಿತು ಎಂದರು, ಉಷ್ಣ ಎಂದರು, ಒಬ್ಬರು ವಾರದ ಉಪವಾಸ ಎಂದು ಹೇಳಿ ಎರಡನೆಯ ಕಡುಬು ತೆಗೆದುಕೊಂಡರು. ನಾನು ಮತ್ತು ಹನುಮಂತಪ್ಪ ಉಂಡೆವು. ಆಪಾ ಮುಚ್ಚಳ ಹಾಕುತ್ತ, “ಇರ್ಲಿ ಬಿಡ್ರಿ, ರಾತ್ರಿಗಾತು” ಎಂದರು.

ಅವತ್ತು ಸಂಜೆ ಬಸಮ್ಮನವರನ್ನು ನೇರವಾಗಿ ಕೇಳಿದೆ.

“ಆಕಿ ಬರಬಾರ್ದು ಅಂದೀನೇನು ನಾ? ಛಲೋ ಹೆಣಮಗಳು. ಸೌತಿಕಾಯಿ ತರ್ಲಿ, ಮೂಲಂಗಿ ತರ್ಲಿ, ಬಾಳಿಹಣ್ಣು ತರ್ಲಿ. ಬೇಯಿಸಿದ್ದು ಬ್ಯಾಡ.”

“ಅವರೂ ನಿಮ್ಮ ಹಾಗೆ ಸಸ್ಯಾಹಾರಿ ಅಮ್ಮಾ.”

“ಆಕಿ ಮನಿ ಗಡಿಗಿ ಹೌದೇನು?”

ವಾದ ಮಾಡಬಹುದಿತ್ತು, ಆದರೆ ಮಾಳಿಗಿ ಅವರದು, ನನ್ನ ತಲೆ ಮೇಲಿನ ಸೂರೂ ಅವರದು. ಮತ್ತೆ ಬಾಗಿಲು ಬಾಗಿಲು ತಿರುಗುವ ಶಕ್ತಿ ನನ್ನಲ್ಲಿರಲಿಲ್ಲ. ಆಪಾಗೆ ಹೇಗೆ ಹೇಳುವುದೆಂದು ನಾಲ್ಕು ದಿನ ತಡೆದೆ. ಹೇಳಿದಾಗ ಅವರಿಗೆ ಹೊಸದೇನೂ ಅನ್ನಿಸಲಿಲ್ಲ.

ಮೂರನೆಯ ಸಲ ಬುಟ್ಟಿ ತುಂಬ ಎಳೆ ಸೌತೆ, ಮೂಲಂಗಿ, ಮೆಂತ್ಯದ ಎಲೆ ಹೆಚ್ಚಿ ತಂದರು. ಎಲ್ಲರೂ ಕೈ ಚಾಚಿದರು. ಬುಟ್ಟಿ ಬರಿದಾಯಿತು. ಆಪಾ ನನ್ನ ಕಿವಿಯ ಹತ್ತಿರ ಬಾಗಿ, “ತೊಳದಾಕಿ ನಾನ, ಹೆಚ್ಚಿದಾಕಿ ನಾನ, ಉಪ್ಪು ಹಚ್ಚಿದಾಕಿ ನಾನ. ಒಲಿ ಒಂದು ಹಚ್ಚಿಲ್ಲ ನೋಡ್ರಿ” ಎಂದರು. ನಗು ಬಂತು. ಆಮೇಲೆ ದಿನಚರಿಯಲ್ಲಿ ಅದನ್ನು ಬರೆಯುವಾಗ ಬರಲಿಲ್ಲ.

ದಾರಿ ತೋರಿಸಿದವರು ಹನುಮಂತಪ್ಪ. “ಎಳ್ಳ ಅಮಾಸಿಗೆ ನಮ್ಮ ಹೊಲಕ್ಕ ಬರ್ರಿ ಎಲ್ಲಾರೂ. ಬುತ್ತಿ ಕಟ್ಕೊಂಡು ಬರ್ರಿ” ಎಂದರು. ಬುತ್ತಿ ಎಂಬ ಮಾತಿಗೆ ಬಸಮ್ಮನವರು ಕೂಡಲೇ ಎದ್ದು ಕೂತರು. ಡಬ್ಬಿ ತನ್ನಿ ಎಂದಾಗ ಸಿಟ್ಟಾದವರು, ಬುತ್ತಿ ಎಂದ ಕೂಡಲೇ ಸಜ್ಜೆ ರೊಟ್ಟಿಗೆ ಎಳ್ಳು ಆರಿಸತೊಡಗಿದರು.

ಗಂಗಾವತಿಯ ಸುತ್ತ ಕಾಲುವೆ ನೀರು, ಗದ್ದೆ. ಕಣ್ಣಿಗೆ ನಮ್ಮೂರಿನ ನೆನಪು ತರುತ್ತದೆ. ಕೊಪ್ಪಳ ದಾಟಿ ಕುಕನೂರಿನ ಕಡೆ ಹೊರಟರೆ ಹಸಿರು ತೆಳುವಾಗಿ ಕಪ್ಪು ನೆಲ ಬಿಚ್ಚಿಕೊಳ್ಳುತ್ತದೆ. ಆಳೆತ್ತರದ ಬಿಳಿಜೋಳ, ನಡುನಡುವೆ ಕಡಲೆ, ಕುಸುಬೆ. ಸಮುದ್ರ ನೋಡಿ ಬೆಳೆದ ನನಗೆ ಇಷ್ಟು ದೂರದವರೆಗೆ ಕಣ್ಣು ಹಾಯುವ ಜಾಗ ಬೇರೆಲ್ಲೂ ಸಿಕ್ಕಿರಲಿಲ್ಲ. ಹೊಲದ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಿದರು. ಪ್ರತಿಯೊಬ್ಬರ ಬುತ್ತಿಯಿಂದ ಒಂದೊಂದು ತುತ್ತು ಒಂದೇ ಪರಾತಕ್ಕೆ ಹಾಕಿ ಕಲಸಿದರು, ಆಪಾರ ಪುಂಡಿಪಲ್ಯದಿಂದಲೂ. ಹನುಮಂತಪ್ಪ ಅದನ್ನು ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತ ಸುತ್ತು ಬಂದರು. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮೊದಲು ಭೂಮಿಗೆ ಊಟ, ಆಮೇಲೆ ನಮಗೆ.

ರೊಟ್ಟಿಗಳು ಕೈಯಿಂದ ಕೈಗೆ ಹೋದವು. ಯಾರ ರೊಟ್ಟಿ ಯಾರಿಗೆ ಎಂಬ ಲೆಕ್ಕ ತಪ್ಪಿತು. ಬಸಮ್ಮನವರು ಕೈ ಚಾಚಿ ಆಪಾರ ಡಬ್ಬಿಯಿಂದ ಪಲ್ಯ ಹಾಕಿಸಿಕೊಂಡರು, ಉಂಡರು, ಮತ್ತೆ ತಾಟು ಮುಂದಿಟ್ಟರು.

“ಉಪ್ಪು ಒಂದ್ ಹಳಕ ಜಾಸ್ತಿ ಆತು ಖಾಜಾಬಿ.”

“ನಿಮ್ಮ ಸಾರಿನಾಗ ಇರಂಗಿಲ್ಲಲ್ಲರಿ ಅಮ್ಮಾರ, ಸರಿದೂಗಿಸೀನಿ.”

ಹನುಮಂತಪ್ಪ ಉಂಡದ್ದು ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಆಪಾ ಖಾಲಿ ಡಬ್ಬಿಯನ್ನು ರೊಟ್ಟಿಯ ತುಣುಕಿನಿಂದ ಒರೆಸಿ, ಸೆರಗಿನಿಂದ ಮತ್ತೊಮ್ಮೆ ಒರೆಸಿದರು.

ಬರುವಾಗ ಬಸ್ಸಿನಲ್ಲಿ ಬಸಮ್ಮನವರ ಪಕ್ಕ ಕೂತು, ಮುಂದಿನ ತಿಂಗಳು ಮಾಳಿಗಿಯಲ್ಲೂ ಹೀಗೇ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: “ಹೊಲದಾಗ ಉಂಡಿದ್ದು ಭೂಮ್ತಾಯಿ ಎಂಜಲ ಯವ್ವಾ. ಅದು ಪ್ರಸಾದ. ಮನ್ಯಾಗ ಉಂಡ್ರ ಅದು ಅಡಗಿ ಆಗ್ತೈತಿ.”

ಅವರ ದನಿಯಲ್ಲಿ ಕಹಿ ಇರಲಿಲ್ಲ. ಗುಣಿಸಿದರೆ ಇಷ್ಟು, ಭಾಗಿಸಿದರೆ ಅಷ್ಟು ಎಂದು ಹೇಳಿಕೊಡುವವರ ಹಾಗಿತ್ತು. ಎಳ್ಳ ಅಮಾಸೆ ವರ್ಷಕ್ಕೊಂದೇ. ಸುಗ್ಗಿ ಮುಗಿದರೆ ಆ ಹೊಲದಲ್ಲಿ ಕೂರಲು ನೆರಳೂ ಇರುವುದಿಲ್ಲ.

ಮರುದಿನ ಮಾಳಿಗಿಯ ಕೀಲಿ ವಾಪಸು ಕೊಟ್ಟೆ. “ಆಪಾರ ಅಡುಗೆ ಬಾರದ ಕಡೆ ನಾನು ಊಟಕ್ಕೆ ಕರೆಯುವುದಿಲ್ಲ ಅಮ್ಮಾ. ಮನೆ ಬಿಡು ಅಂದರೆ ಬಿಡುತ್ತೇನೆ.”

ಅವರು ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. “ನಿನ್ನ ಖೋಲಿಯೊಳಗ ನೀ ಏನರ ಮಾಡ್ಕೊ. ನಾ ಬರಂಗಿಲ್ಲ. ಮನಿ ಬಿಡು ಅಂದೋರು ಯಾರು?” ಎಂದು ಒಳಗೆ ಹೋದರು.

ಈಗ ಬಳಗ ನನ್ನ ಒಂದು ಕೋಣೆಯಲ್ಲಿ ಸೇರುತ್ತದೆ. ಹನ್ನೊಂದರಿಂದ ಏಳು, ಏಳರಿಂದ ಮೂರು ಜನ. ಗೆದ್ದೆ ಎಂದು ಬರೆಯಲು ಕೈ ಬರುವುದಿಲ್ಲ. ಪ್ರತಿ ಸಲ ಕೆಳಗಿನಿಂದ ಬಸಮ್ಮನವರ ಬದನೆಕಾಯಿ ಬರುತ್ತದೆ. ಆಪಾ ಬೆರಳು ಚೀಪಿ, “ಅಮ್ಮಾರ ಕೈ ಅಂದ್ರ ಕೈ” ಎನ್ನುತ್ತಾರೆ. ಆ ಬಟ್ಟಲು ಕೆಳಗೆ ಹೋಗುವಾಗ ಖಾಲಿ ಹೋಗುತ್ತದೆ, ಇಲ್ಲವೇ ಬಾಳೆಹಣ್ಣು ಹೊತ್ತು ಹೋಗುತ್ತದೆ.

ಕಳೆದ ವಾರ ರಜೆಗೆ ಊರಿಗೆ ಬಂದೆ. ಇದನ್ನು ಬರೆಯುತ್ತಿರುವುದು ಗಂಗೊಳ್ಳಿಯ ನಮ್ಮ ಜಗಲಿಯಲ್ಲಿ. ಆಪಾ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು, ಅಂದರೆ ಕಡಲೆಬೀಜದ ಚಟ್ನಿಪುಡಿಯನ್ನು, ಅಮ್ಮ ಕರಿದ ಬಂಗುಡೆಯ ಮೇಲೆ ಉದುರಿಸಿಕೊಂಡು ತಿಂದಳು. “ಯಾರ್ ಮಾಡಿದ್ದಾ? ಲಾಯ್ಕಿತ್ತ್” ಎಂದಳು. ಖಾಜಾಬಿ ಎಂದೆ. “ಇನ್ನೊಂಚೂರ್ ತಪ್ಪುಕ್ ಹೇಳ್” ಎಂದಳು, ಇನ್ನಷ್ಟು ತರಿಸು ಎಂದು. ಅಷ್ಟೇ. ಗಂಗಾವತಿಯಲ್ಲಿ ಅಷ್ಟು ತಿಂಗಳು ದಾಟಲಾಗದ್ದನ್ನು ಅಮ್ಮ ಒಂದು ಚಮಚದಲ್ಲಿ ದಾಟಿದಳು.

ಮಧ್ಯಾಹ್ನ ನನಗೆಂದು ಬೇರೆ ಪಾತ್ರೆಯಲ್ಲಿ ಬಸಳೆ ಮಾಡಿ ಮುಚ್ಚಿಟ್ಟಿದ್ದಳು. ತಟ್ಟೆ ಹಿಡಿದು ಹೋದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ನೀನೇ ಬಡ್ಸ್ಕೋ ಹೆಣೆ. ನನ್ ಕೈ ಮೀನಿಂದ್.”

ಇದನ್ನು ಅವಳು ವರ್ಷಗಳಿಂದ ಹೇಳುತ್ತಿದ್ದಾಳೆ. ನಾನು ವರ್ಷಗಳಿಂದ ನನ್ನ ಪಾಡಿಗೆ ಬಡಿಸಿಕೊಂಡು ಹೊರಗೆ ಬಂದು ಕೂರುತ್ತಿದ್ದೇನೆ. ಸವಟನ್ನು ಮುಟ್ಟಬೇಡ ಎಂದು ನಾನು ಅವಳಿಗೆ ಯಾವತ್ತೂ ಹೇಳಿಲ್ಲ. ಮುಟ್ಟು ಎಂದೂ ಹೇಳಿಲ್ಲ.

“ನೀನೇ ಬಡಿಸು” ಎಂದೆ.

ಅಷ್ಟರಲ್ಲಿ ಫೋನು. ಆಪಾ. ಎರಡನೆಯ ಭಾನುವಾರ ಎಂಬುದನ್ನು ನಾನೇ ಮರೆತಿದ್ದೆ. “ನೀವಿಲ್ಲಂತ ನಾವು ಬಿಡ್ತೀವೇನ್ರಿ? ಅಮ್ಮಾರ ನಿಮ್ಮ ಖೋಲಿ ಕೀಲಿ ತಗದಾರ. ನಾನು, ಹನುಮಂತಪ್ಪ ಒಳಗ ಕುಂತೀವಿ. ಅಮ್ಮಾರು ಹೊಸ್ತಿಲ ಹೊರಗ ಕುರ್ಚಿ ಹಾಕ್ಕೊಂಡಾರ. ಉಣ್ಣಂಗಿಲ್ಲಂತ, ಮಾತಾಡ್ತಾರಂತ.” ಹಿಂದಿನಿಂದ ಬಸಮ್ಮನವರ ದನಿ: “ಯಾವಾಗ ಬರ್ತಾಳಂತ ಕೇಳು ಮೊದ್ಲ.”

ಬುಧವಾರ ಎಂದೆ. ಫೋನು ಇಡದೆ ಹಾಗೇ ಹಿಡಿದುಕೊಂಡೆ. ಅಲ್ಲಿ ಅವರು ಉಣ್ಣುವ ಸದ್ದು, ಮಾತು ಕೇಳುತ್ತಿತ್ತು. ಇಲ್ಲಿ ಬಾವಿಕಟ್ಟೆಯಲ್ಲಿ ಅಮ್ಮ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಒಮ್ಮೆ ತೊಳೆದು ಮೂಸಿ ನೋಡಿದಳು, ಮತ್ತೆ ಸೋಪು ತೆಗೆದುಕೊಂಡಳು. ಸಾಕು ಬಾ ಎಂದು ಕರೆದೆ. ಬಂದೆ ಎಂದಳು, ಇನ್ನೊಂದು ಕೊಡ ನೀರು ಸೇದಿದಳು. ನಾನು ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ.